ಟೆರಾ ಟರ್ಮ್ ಲಾಗಿನ್ ಮ್ಯಾಕ್ರೋದಲ್ಲಿ ಪಾಜ್ ಎಷ್ಟು ಸೆಕೆಂಡ್ ಇಡಬೇಕು?

ದೂರದ ಸರ್ವರ್‌ಗೆ ಸೇರಿಸೋ ಟೆರಾ ಟರ್ಮ್ ಪ್ರೋಗ್ರಾಂನಲ್ಲಿ, ತಾನಾಗಿ ಲಾಗಿನ್ ಮಾಡೋ ಮ್ಯಾಕ್ರೋಗೆ ಪಾಜ್ 3 (3 ಸೆಕೆಂಡ್ ಸುಮ್ಮನೆ ಕಾಯೋ ಸಾಲು) ಇಟ್ಟರೆ ಒಮ್ಮೊಮ್ಮೆ ಲಾಗಿನ್ ಆಗುತ್ತೆ, ಒಮ್ಮೊಮ್ಮೆ ಆಗಲ್ಲ, 5 ಇಡಲಾ 10 ಇಡಲಾ ಅಂತ ಕೇಳಿದ್ದೀರಿ. ಯಾವ ಸಂಖ್ಯೆಯೂ ಬೇಡ, ಆ ಸಾಲನ್ನೇ ಅಳಿಸಿಬಿಡಿ. ಇದೇ ದಾರಿ ಹಿಡಿದು ನಾನು ಚೆನ್ನಾಗಿ ಪೆಟ್ಟು ತಿಂದವನು, ಅದಕ್ಕೇ ಉದ್ದವಾಗಿ ಬರೀತಿದ್ದೀನಿ.

ಆಗ ನಾನು ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಲಿನಕ್ಸ್ ಸರ್ವರ್‌ಗಳ ಸೀರಿಯಲ್ ಕನ್ಸೋಲ್‌ಗಳೆಲ್ಲ (ಸೀರಿಯಲ್ ಕೇಬಲ್ ಮೂಲಕ ಸಿಗೋ ಕಮಾಂಡ್ ಪರದೆಗಳು) ಒಂದೇ ಟರ್ಮಿನಲ್ ಸರ್ವರ್ ಮೂಲಕ ಸಿಗ್ತಿದ್ದವು. ಪ್ಯಾಚ್ ಹಾಕೋ ರಾತ್ರಿ ಒಂದೊಂದಕ್ಕೂ ಕೈಯಾರೆ ಲಾಗಿನ್ ಆಗೋದು ತಪ್ಪಲಿ ಅಂತ ಟಿಟಿಎಲ್‌ನಲ್ಲಿ (ಟೆರಾ ಟರ್ಮ್‌ನ ಮ್ಯಾಕ್ರೋ ಭಾಷೆ) ಮ್ಯಾಕ್ರೋ ಬರೆದೆ. ನಿಮ್ಮ ಹಾಗೆ ಪಾಜ್ ಹಾಕಿರಲಿಲ್ಲ. 'ಲಾಗಿನ್:' ಬರೋವರೆಗೆ ವೇಯ್ಟ್, ಯೂಸರ್‌ನೇಮ್ ಸೆಂಡ್‌ಎಲ್‌ಎನ್ (ಸಾಲು ಕಳಿಸಿ ಎಂಟರ್ ಒತ್ತೋ ಕಮಾಂಡ್). 'ಪಾಸ್‌ವರ್ಡ್:' ಬರೋವರೆಗೆ ವೇಯ್ಟ್, ಪಾಸ್‌ವರ್ಡ್ ಸೆಂಡ್‌ಎಲ್‌ಎನ್. ಯಾವುದಾದರೂ ಮಷಿನ್ ಸತ್ತಿದ್ದರೆ ಮ್ಯಾಕ್ರೋ ಅಲ್ಲೇ ನೇತಾಡಬಾರದು ಅಂತ ಟೈಮ್‌ಔಟ್ 5 ಸೆಕೆಂಡ್ ಇಟ್ಟೆ. ಕೆಟ್ಟದ್ದು ಅಲ್ಲೇ.

ಟೈಮ್‌ಔಟ್ ಸೊನ್ನೆ ಇದ್ದರೆ ವೇಯ್ಟ್ ಎಷ್ಟು ಹೊತ್ತಾದರೂ ಕಾಯುತ್ತೆ. ಬೇರೆ ಸಂಖ್ಯೆ ಕೊಟ್ಟರೆ ಅಷ್ಟು ಸೆಕೆಂಡ್ ಕಾದು, ಕೇಳಿದ ಪದ ಬರದೇ ಇದ್ದರೂ ಮುಂದಿನ ಸಾಲಿಗೆ ಹೋಗುತ್ತೆ. ಎರರ್ ಕೊಡಲ್ಲ, ನಿಲ್ಲಲ್ಲ. 'ರಿಸಲ್ಟ್' ಅನ್ನೋ ವೇರಿಯಬಲ್‌ನಲ್ಲಿ ಸೊನ್ನೆ ಬರೆದಿಟ್ಟು ಸುಮ್ಮನಾಗುತ್ತೆ. ಆ ಸೊನ್ನೆಯನ್ನು ನೋಡಬೇಕಾದವರು ನಾವು. ನಾನು ನೋಡಲಿಲ್ಲ. 'ವೇಯ್ಟ್ ಅಂತ ಬರೆದಿದ್ದೀನಲ್ಲ, ಪದ ಬಂದ ಮೇಲೆಯೇ ಕಳಿಸುತ್ತೆ' ಅಂತ ನಂಬಿದ್ದೆ. ಟೈಮ್‌ಔಟ್ ಹಾಕಿ ರಿಸಲ್ಟ್ ನೋಡದಿದ್ದರೆ ವೇಯ್ಟ್ ಅನ್ನೋದೂ ನಿಮ್ಮ ಪಾಜ್ ಥರದ್ದೇ. ಎದುರಿಗೆ ಏನಿದೆ ಅಂತ ತಿಳಿಯದೇ ಕಳಿಸೋದೇ ಆಯ್ತು.

ಅವತ್ತು ಒಂದು ಸರ್ವರಿನಲ್ಲಿ ಹಿಂದಿನ ಪಾಳಿಯವರು ರೂಟ್ (ಎಲ್ಲ ಅಧಿಕಾರ ಇರೋ ಅಕೌಂಟ್) ಸೆಷನ್ ತೆರೆದೇ ಬಿಟ್ಟು ಹೋಗಿದ್ದರು. ಸೀರಿಯಲ್ ಕನ್ಸೋಲ್ ನೀವು ವಿಂಡೋ ಮುಚ್ಚಿದ ಮಾತ್ರಕ್ಕೆ ಲಾಗ್‌ಔಟ್ ಆಗಬೇಕೆಂದಿಲ್ಲ. ಹಾಗಾಗಿ ಮ್ಯಾಕ್ರೋಗೆ ಸಿಕ್ಕಿದ್ದು ಲಾಗಿನ್ ಪ್ರಾಂಪ್ಟ್ ಅಲ್ಲ, ರೂಟ್ ಶೆಲ್‌ನ (ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂ) ಹ್ಯಾಶ್ (#) ಗುರುತು. 5 ಸೆಕೆಂಡ್ ಕಾಯಿತು, ಯೂಸರ್‌ನೇಮ್ ಕಳಿಸಿತು. 'ಕಮಾಂಡ್ ನಾಟ್ ಫೌಂಡ್'. ಮತ್ತೆ 5 ಸೆಕೆಂಡ್, ಪಾಸ್‌ವರ್ಡ್ ಕಳಿಸಿತು. ಪಾಸ್‌ವರ್ಡ್ ಪ್ರಾಂಪ್ಟ್ ಬಂದಾಗ ಮಾತ್ರ ಎಕೋ ಆಫ್ ಆಗೋದು. ಶೆಲ್‌ನಲ್ಲಿ ಎಲ್ಲವೂ ಸ್ಕ್ರೀನ್ ಮೇಲೆ ಕಾಣುತ್ತೆ. ನಮ್ಮ ಪಾಸ್‌ವರ್ಡಿನ ನಡುವೆ ಗ್ರೇಟರ್‌ದ್ಯಾನ್ (>) ಚಿಹ್ನೆ ಬೇರೆ ಇತ್ತು. ಶೆಲ್ ಅದನ್ನು ರೀಡೈರೆಕ್ಷನ್ (ಔಟ್‌ಪುಟ್ಟನ್ನು ಫೈಲಿಗೆ ಹಾಕು ಅನ್ನೋ ಆದೇಶ) ಅಂತ ತಿಳಿದು, ಪಾಸ್‌ವರ್ಡಿನ ಉಳಿದರ್ಧವನ್ನೇ ಹೆಸರಾಗಿಟ್ಟು ರೂಟ್ ಡೈರೆಕ್ಟರಿಯಲ್ಲಿ ಒಂದು ಖಾಲಿ ಫೈಲ್ ಮಾಡಿತು. ಪೂರ್ತಿ ಸಾಲು ಬ್ಯಾಶ್ ಹಿಸ್ಟರಿಗೂ (ಶೆಲ್ ಉಳಿಸಿಡೋ ಕಮಾಂಡ್‌ಗಳ ಪಟ್ಟಿ) ಹೋಯ್ತು, ಟೆರಾ ಟರ್ಮ್ ಲಾಗ್ ಫೈಲಿಗೂ ಹೋಯ್ತು. ಆ ಲಾಗನ್ನು ಬೆಳಿಗ್ಗೆ ರಿಪೋರ್ಟ್ ಜೊತೆ ಇಡೀ ತಂಡಕ್ಕೆ ಮೇಲ್ ಮಾಡಿದವನೂ ನಾನೇ. ಎಲ್ಲ ಸರ್ವರ್‌ಗಳಿಗೂ ಅದೇ ಪಾಸ್‌ವರ್ಡ್ ಇದ್ದದ್ದರಿಂದ ಎಲ್ಲವನ್ನೂ ಬದಲಿಸಬೇಕಾಯ್ತು, ಆ ಕನ್ಸೋಲ್‌ಗಳ ಕೆಲಸವೂ ನನ್ನ ಕೈತಪ್ಪಿತು.

ಇದು ಟೆರಾ ಟರ್ಮ್‌ನದೊಂದೇ ಗುಣವಲ್ಲ. 1990ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಮಾನಕ ಸಂಸ್ಥೆಯಲ್ಲಿ ಡಾನ್ ಲೈಬ್ಸ್ ಬರೆದ, ಇಂಥದ್ದೇ ಕೆಲಸದ ಎಕ್ಸ್‌ಪೆಕ್ಟ್ ಪ್ರೋಗ್ರಾಂನಲ್ಲೂ ಡೀಫಾಲ್ಟ್ ಟೈಮ್‌ಔಟ್ 10 ಸೆಕೆಂಡ್. ಟೈಮ್‌ಔಟ್ ಆದರೆ ಏನು ಮಾಡಬೇಕು ಅಂತ ನೀವು ಬರೆಯದಿದ್ದರೆ ಅದೂ ಮುಂದಿನ ಸಾಲಿಗೆ ಹೋಗುತ್ತೆ.

ಈಗ ನಿಮ್ಮ ವಿಷಯ. ನೀವು ಎಸ್‌ಎಸ್‌ಎಚ್‌ನಲ್ಲಿ (ಎನ್‌ಕ್ರಿಪ್ಟ್ ಆದ ರಿಮೋಟ್ ಲಾಗಿನ್) ಹೋಗ್ತಿದ್ದರೆ ಲಾಗಿನ್ ಮ್ಯಾಕ್ರೋ ಬರೆಯಲೇಬೇಡಿ. ಎಸ್‌ಎಸ್‌ಎಚ್-ಕೀಜೆನ್‌ನಲ್ಲಿ ಇಡಿ25519 ಅನ್ನೋ ಬಗೆಯ ಕೀ ಜೋಡಿ ಮಾಡಿ, ಪಾಸ್‌ಫ್ರೇಸ್ ಹಾಕಿ, ಪಬ್ಲಿಕ್ ಕೀಯನ್ನು ಸರ್ವರಿನ ಆಥರೈಸ್ಡ್-ಕೀಸ್ ಫೈಲಿಗೆ ಸೇರಿಸಿ, ಏಜೆಂಟ್ (ಕೀಯನ್ನು ನೆನಪಿಟ್ಟು ನಿಮ್ಮ ಪರವಾಗಿ ಬಳಸೋ ಪ್ರೋಗ್ರಾಂ) ಓಡಿಸಿ. ಕೀ ಸೇರಿಸಿದರೂ ಪಾಸ್‌ವರ್ಡ್ ಕೇಳ್ತಿದ್ದರೆ ಮೊದಲು ಆ ಫೈಲಿನ ಪರ್ಮಿಷನ್ ನೋಡಿ. ಬೇರೆಯವರೂ ಬರೆಯುವ ಹಾಗಿದ್ದರೆ ಸರ್ವರ್ ಅದನ್ನು ಒಪ್ಪಲ್ಲ.

ಹಳೆಯ ಟೆಲ್ನೆಟ್ಟೋ ಸೀರಿಯಲ್ಲೋ ಆಗಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮ್ಯಾಕ್ರೋ. ಆಗಲೂ ವೇಯ್ಟ್ ಸಾಲಿನಲ್ಲಿ ಲಾಗಿನ್ ಪ್ರಾಂಪ್ಟ್ ಒಂದನ್ನೇ ಕೊಡಬೇಡಿ, ಅದನ್ನು ಮೊದಲಿಟ್ಟು ಅದರ ನಂತರ ಶೆಲ್ ಗುರುತುಗಳನ್ನೂ ಕೊಡಿ. ಯಾವುದು ಬಂತೋ ಅದರ ಕ್ರಮಸಂಖ್ಯೆ ರಿಸಲ್ಟ್‌ನಲ್ಲಿ ಸಿಗುತ್ತೆ: 1 ಆದರೆ ಯೂಸರ್‌ನೇಮ್ ಕಳಿಸಿ, ಉಳಿದದ್ದೇನೇ ಬಂದರೂ ಎಂಡ್, ಅಂದರೆ ಮ್ಯಾಕ್ರೋ ಅಲ್ಲೇ ನಿಲ್ಲಲಿ. ಪಾಸ್‌ವರ್ಡ್ ವೇಯ್ಟ್ ಆದ ಮೇಲೂ ಇದೇ ಪರೀಕ್ಷೆ. ವೇಯ್ಟ್ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತಲೇ ಹೋಲಿಸುತ್ತೆ, ಅದಕ್ಕೇ ಹಳಬರು ಲಾಗಿನ್‌ನ ಮೊದಲಕ್ಷರ ಬಿಟ್ಟು 'ಓ ಜಿ ಐ ಎನ್' ಮಾತ್ರ ಹುಡುಕ್ತಾರೆ. ಯುಯುಸಿಪಿ (ಯೂನಿಕ್ಸ್ ಮಷಿನ್‌ಗಳ ನಡುವಿನ ಹಳೆಯ ಫೈಲ್ ವಿನಿಮಯ ವ್ಯವಸ್ಥೆ), ಡಯಲ್-ಅಪ್ ಕಾಲದ ಅಭ್ಯಾಸ ಅದು. ಆದರೆ ಒಳಗೆ ಹೋದ ಮೇಲೆ 'ಲಾಸ್ಟ್ ಲಾಗಿನ್:' ಅನ್ನೋ ಸಾಲು ಬರುತ್ತಲ್ಲ, ಅದೂ ಇದಕ್ಕೆ ಸಿಕ್ಕಿಬೀಳುತ್ತೆ, ಜೋಕೆ.

ಪಾಸ್‌ವರ್ಡನ್ನು ಮ್ಯಾಕ್ರೋ ಫೈಲಿನಲ್ಲಿ ಬರೆಯಬೇಡಿ. ಪಾಸ್‌ವರ್ಡ್‌ಬಾಕ್ಸ್ ಕಮಾಂಡ್ ಹಾಕಿದರೆ ಓಡಿಸಿದಾಗ ಕೇಳುತ್ತೆ, ಒಂದು ಸಲ ಟೈಪ್ ಮಾಡೋದು ದೊಡ್ಡ ಕಷ್ಟವಲ್ಲ. ಫೇಲ್ ಆದರೆ ಮತ್ತೆ ಮತ್ತೆ ಪ್ರಯತ್ನಿಸೋ ಲೂಪ್ ಕೂಡ ಬೇಡ. ಪ್ಯಾಮ್ ಫೇಲ್‌ಲಾಕ್ (ತಪ್ಪು ಪಾಸ್‌ವರ್ಡ್ ಎಣಿಸಿ ಅಕೌಂಟ್ ಲಾಕ್ ಮಾಡೋ ವ್ಯವಸ್ಥೆ) ಹಾಕಿರೋ ಲಿನಕ್ಸ್‌ನಲ್ಲಿ ಡೀಫಾಲ್ಟ್ ಪ್ರಕಾರ 3 ತಪ್ಪಿಗೆ ಅಕೌಂಟ್ 600 ಸೆಕೆಂಡ್ ಲಾಕ್.

ಇದೆಲ್ಲಕ್ಕಿಂತ ಮೊದಲು, ಇಷ್ಟು ದಿನ ಪಾಜ್ ಇಟ್ಟು ಓಡಿಸಿದ್ದೀರಲ್ಲ, ಆ ಲಾಗ್ ಫೈಲುಗಳಲ್ಲೂ ಸರ್ವರಿನ ಬ್ಯಾಶ್ ಹಿಸ್ಟರಿಯಲ್ಲೂ ನಿಮ್ಮ ಪಾಸ್‌ವರ್ಡ್ ಇದೆಯಾ ಅಂತ ಇವತ್ತೇ ಹುಡುಕಿ. ಸಿಕ್ಕರೆ ಸಾಲು ಅಳಿಸಿದರೆ ಸಾಲದು, ಪಾಸ್‌ವರ್ಡ್ ಬದಲಿಸಿ.