ಪ್ರ: ಗುಬ್ಬಿ ಹತ್ತಿರದ ಹಳ್ಳಿಗೆ ಬಂದಿದ್ದೇವೆ, ಎರಡು ಮತ್ತು ಎಂಟು ವರ್ಷದ ಮಕ್ಕಳಿಗೆ ಏನಿದೆ?

ಅಕ್ಕ, ಯಜಮಾನರು ವಾರಕ್ಕೊಮ್ಮೆ ಬೆಂಗಳೂರಿಂದ ಬರೋದು, ಮಾತಾಡೋಕೂ ಯಾರಿಲ್ಲ ಅಂದಿದ್ದೀರಿ. ಹಾಗಾದ್ರೆ ಮೊದಲು ಅಂಗನವಾಡಿಗೆ ಹೋಗಿ. ಶಾಲಾಪೂರ್ವ ಕಲಿಕೆ 3 ವರ್ಷದ ಮೇಲೆ ಅನ್ನೋದು ನಿಜ, ಆದರೆ ಚಿಕ್ಕದಕ್ಕೂ ಹೆಸರು ಬರೆಸಬಹುದು. ತೂಕ ನೋಡ್ತಾರೆ, ಮನೆಗೆ ಪೌಷ್ಟಿಕ ಆಹಾರ ಕೊಡ್ತಾರೆ. ಲಸಿಕೆ ದಿನ ಆಶಾ ಕಾರ್ಯಕರ್ತೆಯೂ ಸಿಗ್ತಾರೆ. ನಿಜ ಹೇಳ್ಬೇಕಂದ್ರೆ ನನಗೆ ಊರಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಆ ತೂಕದ ತಕ್ಕಡಿ ಮುಂದಿನ ಸಾಲಲ್ಲೇ!

ನೀವು ಕೆಲಸಕ್ಕೆ ಹೋಗೋದಾದ್ರೆ ಪಂಚಾಯಿತಿಯಲ್ಲಿ 'ಕೂಸಿನ ಮನೆ' (ಹಗಲಲ್ಲಿ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರ) ಇದೆಯಾ ಕೇಳಿ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗಂತ ಶುರುವಾದದ್ದು, ಎಲ್ಲಾ ಪಂಚಾಯಿತಿಲೂ ಇಲ್ಲ.

ದೊಡ್ಡವನನ್ನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರ್ಕೊಂಡು ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಬಾಗಿಲು ತೆಗೆಯೋ ಹೊತ್ತು ಮಾತ್ರ ಮೊದಲೇ ವಿಚಾರಿಸಿ, ನಾವು ಎರಡು ಸಲ ಬೀಗ ನೋಡ್ಕೊಂಡು ವಾಪಸ್ ಬಂದಿದ್ವಿ. ಮಕ್ಕಳ ಗ್ರಾಮಸಭೆ ನಡೆದಾಗಲೂ ಕಳಿಸಿ. ನನ್ನ ಮಗಳು ಶಾಲೆ ನಲ್ಲಿಲಿ ನೀರು ಬರಲ್ಲ ಅಂತ ಅಲ್ಲೇ ಎದ್ದು ಕೇಳಿದ್ಲು. ಮನೇಲಿ ಬಾಯೇ ಬಿಡದವಳು.

ಭಾನುವಾರ ಯಜಮಾನರು ಬಂದಾಗ ತುಮಕೂರಿಗೆ ಹೋಗಿ, ಅಮಾನಿಕೆರೆ ಪಾರ್ಕಲ್ಲಿ ಮಕ್ಕಳು ಸುಸ್ತಾಗೋವರೆಗೂ ಓಡಲಿ. ದೊಡ್ಡವನ ಶಾಲೆಯ ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾಭಿವೃದ್ಧಿ ಸಮಿತಿ) ಸಭೆ ಯಾವಾಗ ಅಂತಲೂ ಕೇಳಿಟ್ಕೊಳ್ಳಿ, ತಾಯಂದಿರ ಪರಿಚಯ ಅಲ್ಲೂ ಆಗುತ್ತೆ.