ಸಾಕ್ಸ್‌ಲೆಟ್ಟೋ ಸೋನಿಕೇಟರೋ: ಕಲ್ಲಿದ್ದಲಿನ ಸಾರಕ್ಕೆ ಯಾವುದು?

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ. ಸಿಂಗರೇಣಿ ಕಲ್ಲಿದ್ದಲಿನಲ್ಲಿರುವ ನ್ಯಾಫ್ತಲೀನ್, ಫಿನಾಂತ್ರೀನ್, ಕ್ರೈಸೀನ್ ಎಂಬ ಸಂಯುಕ್ತಗಳನ್ನು ಅಳೆಯುತ್ತಿದ್ದೇನೆ. ದ್ರಾವಕ ಡೈಕ್ಲೋರೋಮೀಥೇನ್. ಸಾಕ್ಸ್‌ಲೆಟ್‌ನಲ್ಲಿ (ಕುದಿದ ದ್ರಾವಕ ತಣಿದು ಮತ್ತೆ ಮತ್ತೆ ಮಾದರಿಯನ್ನು ತೊಳೆಯುವ ಉಪಕರಣ) 24 ಗಂಟೆಗೆ ಬಂದ ಸಾರದ ತೂಕ, ಸೋನಿಕೇಟರ್‌ನಲ್ಲಿ (ಶ್ರವಣಾತೀತ ಅಲೆಗಳಿಂದ ಅಲುಗಿಸುವ ಉಪಕರಣ) ಅರ್ಧ ಗಂಟೆಗೆ ಬಂದದ್ದಕ್ಕಿಂತ ಬಹಳ ಹೆಚ್ಚು. ಆದರೆ ನ್ಯಾಫ್ತಲೀನ್ ಮಾತ್ರ ಸೋನಿಕೇಟರ್‌ನಲ್ಲೇ ಹೆಚ್ಚಿದೆ. ಯಾವುದನ್ನು ನಂಬಲಿ?
– ಓದುಗರು, ಬೆಂಗಳೂರು

ಉತ್ತರ: ತೂಕ ನೋಡಿ ತೀರ್ಮಾನಿಸಬೇಡಿ. ಪಿರಿಡೀನ್ ಎಂಬ ದ್ರಾವಕ ಹಾಕಿದರೆ ಕಲ್ಲಿದ್ದಲು ಉಬ್ಬಿ ಇನ್ನೂ ಹೆಚ್ಚು ಸಾರ ಬಿಡುತ್ತದೆ. ಅದರಲ್ಲಿ ನಿಮಗೆ ಬೇಕಾದದ್ದು ಎಷ್ಟಿದೆ ಎಂಬುದು ಬೇರೆಯೇ ಮಾತು.

ಕ್ರೈಸೀನ್‌ನಂತಹ ಭಾರವಾದ ಅಣುಗಳು ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳೊಳಗೆ ಸಿಕ್ಕಿಕೊಂಡಿರುತ್ತವೆ. ಸಾಕ್ಸ್‌ಲೆಟ್‌ನಲ್ಲಿ ಪ್ರತಿ ಸುತ್ತಿಗೂ ಹೊಸ ದ್ರಾವಕ ಬಂದು ತೊಳೆಯುವುದರಿಂದ ಅವು ನಿಧಾನವಾಗಿ ಹೊರಬರುತ್ತವೆ. ಸೋನಿಕೇಟರ್‌ನಲ್ಲಿ ಒಂದೇ ದ್ರಾವಕ ನಿಂತಿರುತ್ತದೆ. ಅರ್ಧ ಗಂಟೆಯ ಒಂದೇ ಸುತ್ತು ಸಾಲದು. ದ್ರಾವಕ ಬದಲಿಸಿ ಮೂರು ಸುತ್ತು ಮಾಡದೆ ಹೋಲಿಸುವುದು ನ್ಯಾಯವೂ ಅಲ್ಲ.

ಇನ್ನು ನ್ಯಾಫ್ತಲೀನ್. ಅದು ಸುಲಭವಾಗಿ ಹಾರಿಹೋಗುವ ವಸ್ತು. ಸಾಕ್ಸ್‌ಲೆಟ್ ಮೇಲಿರುವ, ಆವಿಯನ್ನು ತಣಿಸುವ ಕಂಡೆನ್ಸರ್‌ಗೆ ನಲ್ಲಿಯ ನೀರು ಹರಿಸುತ್ತಿದ್ದೀರಾ? ಡೈಕ್ಲೋರೋಮೀಥೇನ್ ಸಮುದ್ರಮಟ್ಟದಲ್ಲಿ 40 ಡಿಗ್ರಿಗೆ ಕುದಿಯುತ್ತದೆ; ಬೆಂಗಳೂರಿನ ಎತ್ತರದಲ್ಲಿ ಸುಮಾರು 37ಕ್ಕೇ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬಿಸಿಯಾಗಿ ಇಳಿಯುವ ನೀರು ಆ ಆವಿಯನ್ನು ಹಿಡಿಯಲಾರದು; ಅದರ ಜೊತೆ ನ್ಯಾಫ್ತಲೀನೂ ಹೋಗುತ್ತದೆ. ಫ್ಲಾಸ್ಕಿನಲ್ಲಿ ದ್ರಾವಕ ಕಡಿಮೆಯಾಗುತ್ತಿದೆಯೇ, ಗುರುತು ಹಾಕಿ ನೋಡಿ. ನಿಮಿಷಕ್ಕೆ ಒಂದೇ ಲೀಟರ್ ಎಂದರೂ 24 ಗಂಟೆಗೆ 1,440 ಲೀಟರ್ ನೀರು ಮೋರಿಗೆ ಹೋಗುತ್ತದೆ. ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ನನಗೆ ನೋವಿನ ಸಂಗತಿ. ತಣ್ಣೀರನ್ನೇ ಸುತ್ತಿಸುವ ಚಿಲ್ಲರ್ ಇದ್ದರೆ ಎರಡು ನಷ್ಟವೂ ತಪ್ಪುತ್ತವೆ. ಕೊನೆಗೆ ದ್ರಾವಕವನ್ನು ಆವಿ ಮಾಡಿ ತೆಗೆಯುವಾಗಲೂ ಪೂರ್ತಿ ಒಣಗಿಸಬೇಡಿ, ಒಂದು ಮಿಲಿಲೀಟರ್ ಉಳಿಸಿಕೊಳ್ಳಿ.

ಸುಮಾರು 100 ಡಿಗ್ರಿ ಉಷ್ಣತೆ, 100 ವಾತಾವರಣದಷ್ಟು ಒತ್ತಡದಲ್ಲಿ ಕೆಲಸ ಮಾಡುವ ಯಂತ್ರಗಳು ಇದೇ ಕೆಲಸವನ್ನು 20 ನಿಮಿಷದೊಳಗೆ ಮುಗಿಸುತ್ತವೆ. ದುಬಾರಿ, ನಿಮ್ಮ ಪ್ರಾಜೆಕ್ಟ್‌ಗೆ ಬೇಕಿಲ್ಲ.

ಡ್ಯುಟೀರಿಯಂ (ಭಾರದ ಹೈಡ್ರೋಜನ್) ಸೇರಿದ ನ್ಯಾಫ್ತಲೀನನ್ನು ಅಳತೆ ಮಾಡಿ ಎರಡೂ ಮಾದರಿಗೆ ಮೊದಲೇ ಬೆರೆಸಿ. ಎಲ್ಲಿ ಎಷ್ಟು ಸೋರಿತೆಂದು ಅದು ಹೇಳುತ್ತದೆ. ಆದರೆ ಮೇಲಿನಿಂದ ಬೆರೆಸಿದ್ದು ರಂಧ್ರದೊಳಗೆ ಕೂತದ್ದರಂತೆ ವರ್ತಿಸುವುದಿಲ್ಲ. ಒಳಗಿನದೆಲ್ಲ ಬಂದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದಕ್ಕಾಗಿ ಸೋನಿಕೇಟರ್‌ನಲ್ಲಿ ನಾಲ್ಕನೇ ಸುತ್ತನ್ನೂ ಮಾಡಿ, ಆ ದ್ರಾವಕವನ್ನು ಬೇರೆಯಾಗಿಯೇ ಜಿಸಿ-ಎಂಎಸ್‌ಗೆ (ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕೊಡಿ. ಅಲ್ಲಿ ಕ್ರೈಸೀನ್ ಇನ್ನೂ ಕಾಣಿಸಿದರೆ, ಭಾರದ ಅಣುಗಳಿಗೆ ಸಾಕ್ಸ್‌ಲೆಟ್ ಅಂಕಿಯನ್ನೇ ಇಟ್ಟುಕೊಳ್ಳಿ.