ಟೇಪಿನ ಕೆಳಗೆ ಏನಿದೆ? ಹವಳದ ದಿಬ್ಬ ಅಳೆಯುವ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಒಂದು ಹವಳದ ದಿಬ್ಬದ ಸಮೀಕ್ಷೆಯ ವರದಿ ಓದಿದೆ. ಹೋದ ವರ್ಷ ಅಲ್ಲಿ ಜೀವಂತ ಹವಳ ಶೇ. 31 ಇತ್ತಂತೆ, ಈ ವರ್ಷ ಶೇ. 27. ಹಾಗಾದರೆ ದಿಬ್ಬ ಸಾಯುತ್ತಿದೆಯೇ? ಅಷ್ಟಕ್ಕೂ ನೀರಿನಡಿ ಈ ಶೇಕಡಾ ಲೆಕ್ಕ ಹಾಕುವುದು ಹೇಗೆ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ಗೊತ್ತಾದರೆ ಮೊದಲನೆಯದನ್ನು ನೀವೇ ಬಿಡಿಸಿಕೊಳ್ಳುತ್ತೀರಿ.

ದಿಬ್ಬವನ್ನು ಪೂರ್ತಿ ಅಳೆಯಲು ಯಾರಿಂದಲೂ ಆಗುವುದಿಲ್ಲ. ತಳದ ಮೇಲೆ ಒಂದು ಟೇಪು ಹಾಸಿ, ಅದರ ಕೆಳಗೆ ಬಂದದ್ದನ್ನಷ್ಟೇ ಬರೆದುಕೊಳ್ಳುತ್ತೇವೆ. ರೀಫ್ ಚೆಕ್ ಸಂಸ್ಥೆ 1997ರಿಂದ ಸ್ವಯಂಸೇವಕರಿಂದ ಮಾಡಿಸುತ್ತಿರುವ ವಿಧಾನವನ್ನೇ ನೋಡಿ. 100 ಮೀಟರ್ ಟೇಪನ್ನು ಒಂದೇ ಆಳದಲ್ಲಿ ಹಾಸಬೇಕು. ಅದರಲ್ಲಿ 20 ಮೀಟರಿನ ನಾಲ್ಕು ತುಂಡು, ನಡುನಡುವೆ 5 ಮೀಟರ್ ಖಾಲಿ. ಪ್ರತಿ ತುಂಡಿನಲ್ಲೂ ಅರ್ಧ ಮೀಟರಿಗೊಂದು ಬಿಂದು. ತುಂಡಿಗೆ 40, ಒಟ್ಟು 160. ಪ್ರತಿ ಬಿಂದುವಿನ ಕೆಳಗೆ ಗಟ್ಟಿ ಹವಳವೋ, ಮೆತ್ತನೆ ಹವಳವೋ, ಸ್ಪಾಂಜೋ, ಪಾಚಿಯೋ, ಬಂಡೆಯೋ, ಮರಳೋ, ನೋಡಿ ಸ್ಲೇಟಿನ ಮೇಲೆ ಗುರುತು ಹಾಕುವುದು. ಇಷ್ಟೇ.

ಈಗ ನಿಮ್ಮ ವರದಿಯ ಅಂಕಿಗೆ ಬನ್ನಿ. ಇದೇ ವಿಧಾನದಲ್ಲಿ ಒಂದೇ ಟೇಪು ಹಾಸಿದ್ದಾರೆ ಅಂತ ಇಟ್ಟುಕೊಳ್ಳೋಣ. 160ರಲ್ಲಿ 50 ಬಿಂದು ಹವಳದ ಮೇಲೆ ಬಿದ್ದರೆ ಶೇ. 31. 43 ಬಿದ್ದರೆ ಶೇ. 27. ಎರಡು ವರ್ಷಗಳ ನಡುವಿನ ವ್ಯತ್ಯಾಸ ಬರೀ ಏಳು ಬಿಂದು! 160 ಬಿಂದುಗಳಿಂದ ಶೇ. 30ರ ಆಸುಪಾಸಿನ ಸಂಖ್ಯೆ ಬಂದರೆ ಅದು ಆಚೀಚೆ ಸುಮಾರು ಶೇ. 7ರಷ್ಟು, ಅಂದರೆ 23ರಿಂದ 37ರವರೆಗೆ, ಅಲುಗಾಡಬಲ್ಲದು. ಒಂದೇ ದೊಡ್ಡ ಹವಳದ ಮೇಲೆ ಅಕ್ಕಪಕ್ಕದ ಎರಡು ಮೂರು ಬಿಂದು ಬೀಳುವ ಕಡೆ ಇನ್ನೂ ಜಾಸ್ತಿ. ಹೋದ ವರ್ಷಕ್ಕಿಂತ ಎರಡು ಮೀಟರ್ ಪಕ್ಕಕ್ಕೆ ಟೇಪು ಹಾಸಿದರೂ ಇಷ್ಟು ಬದಲಾಗಬಹುದು. ಹಾಗಾಗಿ ಆ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಇದು: ಟೇಪು ಹಾಸಿದ ಜಾಗಕ್ಕೆ ಕಾಯಂ ಗುರುತು ಇತ್ತೇ? ಸ್ಟೀಲ್ ಸರಳು ನೆಟ್ಟು ಪ್ರತಿ ಸಲ ಅಲ್ಲಿಂದಲೇ ಟೇಪು ಎಳೆದಿದ್ದರೆ ಸಣ್ಣ ಇಳಿಕೆಗೂ ಬೆಲೆ ಇದೆ. ಇಲ್ಲದಿದ್ದರೆ ಶೇ. 4ಕ್ಕೆ ಹೆದರಬೇಡಿ. ಎಷ್ಟು ಟೇಪು ಹಾಸಿದ್ದಾರೆ ಅಂತಲೂ ನೋಡಿ.

ಇಳಿಕೆ ನಿಜವಾದದ್ದು ಅನ್ನಬೇಕಾದರೆ ಎಷ್ಟು ಕೆಲಸ ಬೇಕು ಗೊತ್ತೇ? ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1985ರಿಂದ 2012ರವರೆಗೆ 214 ದಿಬ್ಬಗಳನ್ನು ಮತ್ತೆ ಮತ್ತೆ ನೋಡಿದರು. ಹವಳ ಶೇ. 28ರಿಂದ 13.8ಕ್ಕೆ ಬಂದಿತ್ತು. ಅಲ್ಲಿ ಬಳಸಿದ್ದು ಟೇಪಲ್ಲ. ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿದ ಹಲಗೆ ಹಿಡಿದು ಒಬ್ಬರು ದಿಬ್ಬದ ಸುತ್ತ ತೇಲುತ್ತಾರೆ. ಎರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ, ಅಷ್ಟರಲ್ಲಿ ಕಂಡದ್ದನ್ನು ಅವರು ಅಂದಾಜಿನ ಮೇಲೆ ಬರೆಯುತ್ತಾರೆ. ಅಳತೆ ಒರಟು, ಆದರೆ ನೋಡುವ ಜಾಗ ವಿಶಾಲ. ಅಷ್ಟು ವರ್ಷ, ಅಷ್ಟು ದಿಬ್ಬ ಸೇರಿದಾಗ ಆ ಇಳಿಕೆಯನ್ನು ತಳ್ಳಿಹಾಕಲು ಯಾರಿಂದಲೂ ಆಗಲಿಲ್ಲ.

ಅದೇ ರೀಫ್ ಇನ್ನೊಂದು ಪಾಠವನ್ನೂ ಕಲಿಸಿತು. 2022ರಲ್ಲಿ ಅದರ ಉತ್ತರ ಭಾಗದಲ್ಲಿ ಹವಳ ಶೇ. 36, ನಡುಭಾಗದಲ್ಲಿ ಶೇ. 33 ಮುಟ್ಟಿತು. 36 ವರ್ಷಗಳಲ್ಲೇ ಜಾಸ್ತಿ! ಆದರೆ ಆ ಏರಿಕೆಯ ಬಹುಪಾಲು ಆಕ್ರೋಪೋರಾ ಗುಂಪಿನದು. ಕೊಂಬೆ ಕೊಂಬೆಯಾಗಿ, ತಟ್ಟೆ ತಟ್ಟೆಯಾಗಿ ಬೇಗ ಬೆಳೆಯುವ ಹವಳ ಅದು. ಬಿರುಗಾಳಿಗೆ ಬೇಗ ಮುರಿಯುತ್ತದೆ, ಬಿಸಿಗೆ ಬೇಗ ಬಿಳುಪೇರುತ್ತದೆ, ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನಿಗೂ ಅದೇ ಇಷ್ಟ. 2024ರ ಬಿಸಿಯ ಹೊಡೆತ ಬಿತ್ತು ನೋಡಿ, ಉತ್ತರ ಭಾಗ ಒಂದೇ ವರ್ಷದಲ್ಲಿ ಸುಮಾರು ಶೇ. 40ರಿಂದ 30ಕ್ಕೆ ಕುಸಿಯಿತು. ಅದಕ್ಕೇ ಹೇಳುವುದು, ಹವಳ ಎಷ್ಟಿದೆ ಅನ್ನುವುದರ ಜೊತೆಗೆ ಯಾವ ಹವಳ ಅಂತಲೂ ಬರೆದಿರಬೇಕು.

ಪ್ರಶ್ನೆ: ಮುಂದಿನ ತಿಂಗಳು ಒಂದು ಸಮೀಕ್ಷೆಗೆ ಸ್ವಯಂಸೇವಕನಾಗಿ ಹೋಗುತ್ತಿದ್ದೇನೆ. ಹವಳಗಳ ವೈಜ್ಞಾನಿಕ ಹೆಸರೆಲ್ಲ ಕಲಿತುಕೊಂಡು ಹೋಗಬೇಕೇ?

ಬೇಡ. ನೀರಿನಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಕಲಿತು ಹೋಗಿ. ಕೈಯಲ್ಲಿ ಸ್ಲೇಟು ಹಿಡಿದು, ತಲೆ ಕೆಳಗೆ ಮಾಡಿ, ಕಾಲಿನ ಫಿನ್ ಹವಳಕ್ಕೆ ತಾಗದಂತೆ ನಿಲ್ಲಲು ಬರದವರು ಅಳೆಯಲು ಹೋದ ಹವಳವನ್ನೇ ಮುರಿದು ಬರುತ್ತಾರೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಬಿಂದು ಓದುವುದನ್ನು ಕಲಿಯಿರಿ. ಟೇಪು ತಳಕ್ಕೆ ಅಂಟಿಕೊಂಡಿರುವುದಿಲ್ಲ. ಎರಡು ಹವಳದ ತಲೆಗಳ ನಡುವೆ ಒಂದು ಮೊಳ ಮೇಲೆ ತೂಗುತ್ತಿರುತ್ತದೆ. ಸ್ವಲ್ಪ ಓರೆಯಿಂದ ನೋಡಿದರೆ ಸಾಕು, ಮರಳಿನ ಮೇಲಿದ್ದ ಬಿಂದು ಪಕ್ಕದ ಹವಳದ ಮೇಲೆ ಹೋಗಿ ಕೂರುತ್ತದೆ. ಅದೂ ಹೇಗೆ, ಚೆಂದದ ಹವಳ ಪಕ್ಕದಲ್ಲಿದ್ದರೆ ಕಣ್ಣು ಅತ್ತಲೇ ವಾಲುತ್ತದೆ. ಇದಕ್ಕೊಂದು ಸರಳ ಉಪಾಯ ಇದೆ. ಎರಡು ಮೀಟರ್ ದಾರದ ತುದಿಗೆ ಒಂದು ಸಣ್ಣ ಕಬ್ಬಿಣದ ನಟ್ಟು ಕಟ್ಟಿಕೊಳ್ಳಿ. ಗಾರೆಯವರ ತೂಗುಗುಂಡಿನ ಹಾಗೆ ಅದನ್ನು ಟೇಪಿನ ಗುರುತಿನಿಂದ ಇಳಿಬಿಡಿ. ನಟ್ಟು ಮೊದಲು ಯಾವುದಕ್ಕೆ ತಾಗುತ್ತದೋ ಅದೇ ನಿಮ್ಮ ಉತ್ತರ. ಅಲೆಯ ಎಳೆತ ಇದ್ದರೆ ನಟ್ಟು ಓಲಾಡುತ್ತದೆ. ಒಂದು ಉಸಿರಿನಷ್ಟು ಹೊತ್ತು ಕಾಯಿರಿ.

ಹೆಸರಿನ ವಿಷಯಕ್ಕೆ ಬಂದರೆ, ಒಂದೆರಡು ಒಪ್ಪಂದಗಳು ತಿಳಿದಿದ್ದರೆ ಸಾಕು. ಬೆಂಕಿ ಹವಳ ಮತ್ತು ನೀಲಿ ಹವಳ ಜೀವಶಾಸ್ತ್ರದ ಪ್ರಕಾರ ಬೇರೆ ಗುಂಪಿನವು. ಆದರೂ ದಿಬ್ಬ ಕಟ್ಟುವ ಕೆಲಸ ಮಾಡುವುದರಿಂದ ಗಟ್ಟಿ ಹವಳದ ಜೊತೆಗೇ ಎಣಿಸುತ್ತಾರೆ. 15 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು ಬಂಡೆ, ಅದಕ್ಕಿಂತ ಚಿಕ್ಕದು ಪುಡಿಗಲ್ಲು, ಅರ್ಧ ಸೆಂಟಿಮೀಟರಿಗಿಂತ ಸಣ್ಣದು ಮರಳು. ನೀರಿನಡಿ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಸ್ಲೇಟಿನ ಅಂಚಿನಲ್ಲಿ ಅಳತೆ ಗೀಟು ಹಾಕಿಟ್ಟುಕೊಳ್ಳಿ. ಪೆನ್ಸಿಲ್ ಎರಡು ಕಟ್ಟಿಕೊಳ್ಳಿ, ಒಂದು ಮುರಿದೇ ಮುರಿಯುತ್ತದೆ. ಮೊದಲ ದಿನ ಇಬ್ಬರು ಒಂದೇ ಟೇಪನ್ನು ಬೇರೆ ಬೇರೆಯಾಗಿ ಓದಿ, ದೋಣಿಗೆ ಹತ್ತಿದ ಮೇಲೆ ಎರಡೂ ಸ್ಲೇಟು ಪಕ್ಕಪಕ್ಕ ಇಟ್ಟು ನೋಡಿ. ಜಗಳ ಬರುವುದು ಹೆಚ್ಚಾಗಿ ಮುಂದಿನ ಪ್ರಶ್ನೆಯಲ್ಲಿರುವ ವಿಷಯಕ್ಕೇ.

ಪ್ರಶ್ನೆ: ಬೆಳ್ಳಗಾದ ಹವಳ ಅಂದರೆ ಸತ್ತ ಹವಳ ಅಲ್ವಾ? ಮತ್ತೆ, ಸತ್ತ ಹವಳದ ಮೇಲೆ ಪಾಚಿ ಮೆತ್ತಿಕೊಂಡಿದ್ದರೆ ಅದನ್ನು ಹವಳ ಅನ್ನಬೇಕೋ ಪಾಚಿ ಅನ್ನಬೇಕೋ?

ಬೆಳ್ಳಗಾದದ್ದೆಲ್ಲ ಸತ್ತಿಲ್ಲ. ಹತ್ತಿರ ಹೋಗಿ, ಮುಖ ಒಂದು ಗೇಣು ದೂರಕ್ಕೆ ತನ್ನಿ. ಬಿಸಿಗೆ ಬಿಳುಪೇರಿದ ಹವಳದ ಮೇಲೆ ಗಾಜಿನಂಥ ತೆಳು ಚರ್ಮ ಇನ್ನೂ ಇರುತ್ತದೆ. ಒಂದೊಂದು ಪುಟ್ಟ ಬಟ್ಟಲಲ್ಲೂ ಪಾಲಿಪ್, ಅಂದರೆ ಹವಳ ಕಟ್ಟುವ ಪುಟ್ಟ ಜೀವಿ, ಕಾಣುತ್ತದೆ. ಅದರೊಳಗೆ ಇದ್ದು ಆಹಾರ ಮಾಡಿಕೊಡುತ್ತಿದ್ದ ಸೂಕ್ಷ್ಮ ಪಾಚಿ ಮಾತ್ರ ಹೊರಟುಹೋಗಿದೆ. ಅದು ಜೀವಂತ ಹವಳ. ಹಾಗೆಯೇ ಬರೆಯಿರಿ, ಬಿಳುಪೇರಿದ್ದು ಎಷ್ಟು ಅಂತ ಬೇರೆ ಕಾಲಮ್ಮಿನಲ್ಲಿ ಹಾಕಿ. ಬಿಸಿ ಬೇಗ ಇಳಿದರೆ ಅದು ಚೇತರಿಸಿಕೊಳ್ಳಬಹುದು. ಆದರೆ ನಕ್ಷತ್ರಮೀನು ಹೊಟ್ಟೆಯನ್ನೇ ಹೊರಚಾಚಿ ತಿಂದುಹೋದ ಜಾಗ ಹಾಗಲ್ಲ. ಅಲ್ಲಿ ಚರ್ಮವೇ ಇರುವುದಿಲ್ಲ, ಒಣ ಸುಣ್ಣದಂಥ ಬರೀ ಅಸ್ಥಿ. ಅದರ ಗಡಿಯೂ ಸ್ಪಷ್ಟ, ಈಚೆ ಬಣ್ಣ, ಆಚೆ ಬಿಳಿ.

ಸತ್ತ ಹವಳ ಬೆಳ್ಳಗೆ ಉಳಿಯುವುದು ಕೆಲವೇ ದಿನ. ಆಮೇಲೆ ನವಿರು ಪಾಚಿ ಹತ್ತುತ್ತದೆ. ರೀಫ್ ಚೆಕ್ ನಿಯಮದಲ್ಲಿ, ಬಟ್ಟಲುಗಳ ಆಕಾರ ಇನ್ನೂ ಗುರುತು ಸಿಗುವಂತಿದ್ದರೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷದೊಳಗೆ ಸತ್ತದ್ದಾದರೆ, ‘ಇತ್ತೀಚೆಗೆ ಸತ್ತ ಹವಳ’. ಸವೆದು ಗುರುತು ಸಿಗದಂತಾಗಿದ್ದರೆ ಅದು ಬಂಡೆ. ನವಿರು ಪಾಚಿಯನ್ನು ಲೆಕ್ಕಕ್ಕೆ ಹಿಡಿಯದೆ ಅದರ ಕೆಳಗಿರುವುದನ್ನು ಬರೆಯಬೇಕು. ಪಾಚಿ ಅಂತ ಬರೆಯುವುದು ಎಲೆ ಎಲೆಯಾಗಿ, ಪೊದೆಯಾಗಿ ಬೆಳೆದದ್ದನ್ನು ಮಾತ್ರ. ಸುಣ್ಣದ ಬಿಲ್ಲೆಗಳ ಸರದಂಥ ಹ್ಯಾಲಿಮೀಡಾ ಎಂಬ ಪಾಚಿ ಕೂಡ ಅದರಲ್ಲಿ ಸೇರುವುದಿಲ್ಲ.

ಈ ನಿಯಮ ಹೊಸಬರಿಗೆ ಸುಲಭ, ಒಪ್ಪುತ್ತೇನೆ. ಆದರೆ ನನ್ನ ಕೈಯಲ್ಲಿದ್ದರೆ ಬಂಡೆಯ ಮೇಲಿನ ಪಾಚಿಯನ್ನು ಎರಡಾಗಿ ಒಡೆದು ಬರೆಸುತ್ತೇನೆ. ಗುಲಾಬಿ ಬಣ್ಣದ, ಕಲ್ಲಿಗೆ ಬಣ್ಣ ಬಳಿದಂತೆ ಗಟ್ಟಿಯಾಗಿ ಹಬ್ಬುವ ಕೋರಲೈನ್ ಪಾಚಿ ಇದೆಯಲ್ಲ, ಎಷ್ಟೋ ಜಾತಿಯ ಹವಳದ ಮರಿಗಳು ತೇಲುತ್ತಾ ಬಂದು ನೆಲೆ ಹುಡುಕುವುದು ಅದರ ಮೇಲೆ. ಮಣ್ಣು ಹಿಡಿದ ದಪ್ಪ ನವಿರು ಪಾಚಿಯ ಮೇಲೆ ಅವಕ್ಕೆ ನೆಲೆ ಸಿಗುವುದು ಕಷ್ಟ. ಒಂದು ಕಡೆ ಮುಂದಿನ ಹವಳಕ್ಕೆ ಜಾಗ ಸಿದ್ಧವಾಗಿದೆ, ಇನ್ನೊಂದು ಕಡೆ ಬಾಗಿಲು ಮುಚ್ಚಿದೆ. ಎರಡನ್ನೂ ‘ಬಂಡೆ’ ಅಂತ ಬರೆದರೆ ಆ ಸುದ್ದಿಯೇ ಕಳೆದುಹೋಗುತ್ತದೆ. ಇನ್ನೊಂದು ಮಾತು, ಕೆಂಪು ಬೆಳಕು ನೀರಿನಲ್ಲಿ ಬೇಗ ಮಾಯವಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಗುಲಾಬಿ ಪಾಚಿಯೂ ಬೂದು ಬಂಡೆಯಾಗಿ ಕಾಣುತ್ತದೆ. ಟಾರ್ಚ್ ಹಾಕಿ ನೋಡಿ.

ಪ್ರಶ್ನೆ: ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್, ಸೌತೆಕಾಯಿಯಂಥ ಪ್ರಾಣಿ ಕಡಲ ಸೌತೆ, ಇವೆಲ್ಲ ದಿಬ್ಬದ ಮೇಲೆ ಎಷ್ಟು ಜಾಗ ಹಿಡಿಯುತ್ತವೆ? ಅವನ್ನು ಎಣಿಸುತ್ತಾ ಕೂರುವುದು ಸುಮ್ನೆ ಹೊತ್ತು ಕಳೆದ ಹಾಗಲ್ಲವೇ?

ಖಂಡಿತ ಅಲ್ಲ! ಅವು ಹಿಡಿಯುವ ಜಾಗ ಕಡಿಮೆ ಅನ್ನುವುದು ನಿಜ. 160 ಬಿಂದುಗಳಲ್ಲಿ ಒಂದೂ ಅವುಗಳ ಮೇಲೆ ಬೀಳದಿರಬಹುದು. ಅದಕ್ಕೇ ಅವನ್ನು ಬಿಂದುವಿನಲ್ಲಿ ಹುಡುಕುವುದಿಲ್ಲ. ಅದೇ ಟೇಪಿನ ಎರಡೂ ಬದಿಗೆ ಎರಡೂವರೆ ಮೀಟರ್ ಅಗಲದ ಪಟ್ಟಿಯಲ್ಲಿ ಒಂದೊಂದಾಗಿ ಎಣಿಸುತ್ತೇವೆ. ತುಂಡಿಗೆ 100 ಚದರ ಮೀಟರ್ ಆಯಿತು.

ಯಾಕೆ ಎಣಿಸಬೇಕು ಅನ್ನುವುದಕ್ಕೆ ಕೆರಿಬಿಯನ್ ಸಮುದ್ರದಲ್ಲಿ ನಡೆದದ್ದು ಕೇಳಿ. ಅಲ್ಲಿ ಉದ್ದ ಮುಳ್ಳಿನ ಕಪ್ಪು ಅರ್ಚಿನ್, ಡಯಾಡೆಮಾ, ದಿಬ್ಬದ ಪಾಚಿಯನ್ನು ಮೇಯುತ್ತಿತ್ತು. 1983ರ ಜನವರಿಯಲ್ಲಿ ಪನಾಮಾ ಹತ್ತಿರ ಅವು ಸಾಯತೊಡಗಿದವು. ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು. 1980ರ ಅಲೆನ್ ಚಂಡಮಾರುತ ಹವಳವನ್ನು ಪುಡಿ ಮಾಡಿತ್ತು. ಉಳಿದಿದ್ದ ಒಂದೇ ಆಸರೆ ಈ ಅರ್ಚಿನ್. ಅದೂ ಹೋಯಿತು. 1970ರ ದಶಕದ ಕೊನೆಗೆ ಶೇ. 50 ದಾಟಿದ್ದ ಅಲ್ಲಿನ ಹವಳ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗೆ ಬಂತು. ಶೇ. 4 ಇದ್ದ ದೊಡ್ಡ ಪಾಚಿ ಶೇ. 92 ಆಯಿತು. ಈ ಅಂಕಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹವಳದ ಶೇಕಡಾ ಒಂದನ್ನೇ ನೋಡುತ್ತಾ ಕೂತವರಿಗೆ ಇಳಿಕೆ ಕಾಣುತ್ತದೆ, ಕಾರಣ ಕಾಣುವುದಿಲ್ಲ. 2022ರಲ್ಲಿ ಆ ಅರ್ಚಿನ್‌ಗಳು ಮತ್ತೆ ಸಾಯತೊಡಗಿದವು. ಈ ಸಲ ಒಂದು ಏಕಕೋಶ ಪರಾವಲಂಬಿ ಕಾರಣ ಅಂತ ಮರುವರ್ಷವೇ ಪತ್ತೆ ಹಚ್ಚಿದರು.

ಅರ್ಚಿನ್ ವಿಪರೀತ ಜಾಸ್ತಿಯಾದರೂ ಕಷ್ಟವೇ. ಮೇಯುತ್ತಾ ಮೇಯುತ್ತಾ ದಿಬ್ಬದ ಸುಣ್ಣವನ್ನೇ ಕೆರೆದು ಹಾಕುತ್ತವೆ. ಹಗಲಲ್ಲಿ ಅವು ಸಂದಿಗಳಲ್ಲಿ ಅಡಗಿರುತ್ತವೆ, ಹಾಗಾಗಿ ಮೇಲಿನಿಂದ ತೇಲಿಕೊಂಡು ಹೋದರೆ ಎಣಿಕೆ ತಪ್ಪುತ್ತದೆ. ಚಾಚಿದ ತಟ್ಟೆ ಹವಳಗಳ ಅಡಿಗೂ ಬಗ್ಗಿ ನೋಡಬೇಕು. ಕಡಲ ಸೌತೆ, ದೈತ್ಯ ಕಪ್ಪೆಚಿಪ್ಪು, ಲಾಬ್‌ಸ್ಟರ್ ಇವನ್ನು ಎಣಿಸುವುದು ಬೇರೆ ಕಾರಣಕ್ಕೆ. ಇವೆಲ್ಲ ಮನುಷ್ಯರು ಹಿಡಿದು ಮಾರುವಂಥವು. ಇರಬೇಕಾದ ಕಡೆ ಇಲ್ಲವೆಂದರೆ ಯಾರೋ ಬಾಚಿಕೊಂಡು ಹೋಗಿರಬಹುದು. ಪಟ್ಟಿಯಲ್ಲಿ ಸೊನ್ನೆ ಬಂದರೆ ಖಾಲಿ ಬಿಡಬೇಡಿ, ಸೊನ್ನೆ ಅಂತಲೇ ಬರೆಯಿರಿ. ಖಾಲಿ ಬಿಟ್ಟರೆ ನೋಡಲಿಲ್ಲ ಅಂತ ಅರ್ಥ ಆಗುತ್ತದೆ.

ಪ್ರಶ್ನೆ: ಈಗ ಕ್ಯಾಮೆರಾ ಇದೆ, ಫೋಟೋ ಓದುವ ಕಂಪ್ಯೂಟರ್ ಇದೆ. ಇನ್ನೂ ಟೇಪು, ಸ್ಲೇಟು ಯಾಕೆ?

ಕ್ಯಾಮೆರಾ ಬೇಕೇ ಬೇಕು. ಕೋರಲ್‌ನೆಟ್, ರೀಫ್‌ಕ್ಲೌಡ್‌ನಂಥ ವ್ಯವಸ್ಥೆಗಳು ಫೋಟೋದ ಮೇಲೆ ಬಿಂದುಗಳನ್ನು ಹರಡಿ, ಜನ ಕಲಿಸಿಕೊಟ್ಟದ್ದರ ಮೇಲೆ ಪ್ರತಿ ಬಿಂದುವಿನಲ್ಲಿ ಏನಿದೆ ಅಂತ ಗುರುತಿಸುತ್ತವೆ. ಗಾಳಿ ಸಿಲಿಂಡರ್ ಖಾಲಿಯಾಗುವುದರೊಳಗೆ ಒಬ್ಬರು ಓದಬಲ್ಲ ಬಿಂದುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಸಿಗುತ್ತದೆ. ಆದರೆ ಫೋಟೋ ಸಂದಿಯೊಳಗೆ ಬಗ್ಗಿ ನೋಡುವುದಿಲ್ಲ. ನವಿರು ಪಾಚಿ ಹತ್ತಿದ ಹವಳ ಇತ್ತೀಚೆಗೆ ಸತ್ತದ್ದೋ ಹಳೆಯದೋ ಅನ್ನುವುದಕ್ಕೆ ಮುಖ ಹತ್ತಿರ ತಂದು ನೋಡುವ ಕಣ್ಣೇ ಹೆಚ್ಚು ನಂಬಿಕೆಗೆ ಅರ್ಹ.

ಫೋಟೋದ ದೊಡ್ಡ ಲಾಭ ಬೇರೆ ಇದೆ. ಹತ್ತು ವರ್ಷದ ನಂತರ ಯಾರಾದರೂ ಕೋರಲೈನ್ ಪಾಚಿಯನ್ನು ಬೇರೆಯಾಗಿ ಎಣಿಸಬೇಕು ಅಂದರೆ ಹಳೆಯ ಚಿತ್ರ ತೆಗೆದು ಮತ್ತೆ ಓದಬಹುದು. ಸ್ಲೇಟಿನ ‘ಬಂಡೆ’ಯನ್ನು ಮತ್ತೆ ಓದಲಾಗದು. ಹಾಗಾಗಿ ಎರಡೂ ಮಾಡಿ. ತಳದಿಂದ ಒಂದೇ ಎತ್ತರದಲ್ಲಿ, ನೇರ ಮೇಲಿನಿಂದ, ಟೇಪಿನ ಅಂಕಿ ಕಾಣುವಂತೆ ಚಿತ್ರ ತೆಗೆಯಿರಿ. ಪ್ರತಿ ಟೇಪು ಶುರುವಾಗುವ ಮುಂಚೆ ಸ್ಲೇಟಿನ ಮೇಲೆ ದಿಬ್ಬದ ಹೆಸರು, ಆಳ, ತಾರೀಖು ಬರೆದು ಅದರದ್ದೇ ಒಂದು ಚಿತ್ರ ತೆಗೆಯಿರಿ.